ಹಿತ್ತಿಲ ಕುಲುಮೆಯ ಪಂಕಜಾಕ್ಷಿ

ಪಂಕಜಾಕ್ಷಿಗೆ ಸಿಟ್ಟು ಬರುವುದು ಅಪರೂಪ. ಗಂಡ ಲೋಕನಾಥ ರಿಕ್ಷಾದ ಬಾಡಿಗೆ ಮುಗಿಸಿ ಮೂರು ಗಂಟೆಗೆ ಊಟಕ್ಕೆ ಬಂದರೂ ಆಕೆ ಸಿಟ್ಟಾಗುವುದಿಲ್ಲ, ಕುಂಬಳೆಯ ಬಸ್ಸು ಕಣ್ಣೆದುರೇ ಹೊರಟುಹೋದರೂ ಸಿಟ್ಟಾಗುವುದಿಲ್ಲ. ಆದರೆ ಮೊಂಡು ಕತ್ತಿಯೊಂದು ಕೈಗೆ ಸಿಕ್ಕಿತೋ, ಆಮೇಲೆ ಆಕೆಯ ಮುಖ ನೋಡುವ ಹಾಗಿರುವುದಿಲ್ಲ. ಶಿರಿಯದ ಆಸುಪಾಸಿನ ಒಂದು ಶಾಲೆಯಲ್ಲಿ ಆಕೆ ಮಧ್ಯಾಹ್ನದ ಊಟದ ಅಡುಗೆಯವಳು. ಊರಿನವರ ಬಾಯಲ್ಲಿ ಅದು ಈಗಲೂ ಉಚ್ಚಕಂಜಿಯೇ, ಅಂದರೆ ಮಲಯಾಳಂನ ಮಧ್ಯಾಹ್ನದ ಗಂಜಿ. ಕಂಜಿ ಹೋಗಿ ಅನ್ನ, ಸಾಂಬಾರು, ಪಲ್ಯ ಬಂದು ಎಷ್ಟೋ ಕಾಲವಾಯಿತು, ಹೆಸರು ಮಾತ್ರ ಹೋಗಲಿಲ್ಲ. ದಿನ ಬೆಳಗಾದರೆ ಬುಟ್ಟಿಗಟ್ಟಲೆ ತರಕಾರಿ ಹೆಚ್ಚಬೇಕು. ಪೇಟೆಯಿಂದ ತಂದ ಕತ್ತಿಗಳೋ, ಅಂಗಡಿಯಲ್ಲಿ ನೇತುಹಾಕಿದಾಗ ಕನ್ನಡಿಯ ಹಾಗೆ ಹೊಳೆಯುತ್ತವೆ, ಎರಡು ವಾರ ಸಿಹಿಕುಂಬಳ ಕಂಡ ಮೇಲೆ ಬೆಣ್ಣೆ ಸವರುವುದಕ್ಕೂ ಸಾಲದು.

ಆಕೆಗೆ ಈ ಸಿಟ್ಟು ತವರಿನಿಂದ ಬಂದದ್ದು. ಹುಟ್ಟಿದ್ದು ಮಧೂರಿನ ಕಡೆ. ಅಪ್ಪ ತೆಂಗಿನ ಮರದಿಂದ ಕಳ್ಳು ಇಳಿಸುವವರು. ಆ ಕೆಲಸದವರ ಕತ್ತಿ ನಮ್ಮ ನಿಮ್ಮ ಅಡುಗೆಮನೆಯ ಕತ್ತಿಯಲ್ಲ. ಮರದ ಹೊಂಬಾಳೆಯನ್ನು ದಿನವೂ ಎಲೆಯಷ್ಟು ತೆಳ್ಳಗೆ ಕೆತ್ತಬೇಕು, ಕತ್ತಿ ಸ್ವಲ್ಪ ಜಗ್ಗಿದರೂ ಹೊಂಬಾಳೆ ಕೆಟ್ಟಿತು, ಕಳ್ಳು ನಿಂತಿತು. ಹಾಗಾಗಿ ಅಪ್ಪ ಸಂಜೆಯಾದರೆ ಜಗಲಿಯಲ್ಲಿ ಕೂತು, ಒಂದು ಮರದ ಹಲಗೆಯ ಮೇಲೆ ಬೆಣಚುಕಲ್ಲಿನ ಪುಡಿ ಉದುರಿಸಿ, ಕತ್ತಿಯನ್ನು ಮಸೆದೇ ಮಸೆಯುತ್ತಿದ್ದರು. ಮಸೆದು ಮುಂಗೈಯ ರೋಮದ ಮೇಲೆ ಆಡಿಸಿ ನೋಡುತ್ತಿದ್ದರು. ಪಂಕಜಾಕ್ಷಿ ಮತ್ತು ಅವಳ ತಂಗಿ ಸುಪ್ರೀತಾ ಆ ಸದ್ದಿನಲ್ಲೇ ಮಗ್ಗಿ ಕಲಿತವರು. ಮದುವೆಯಾಗಿ ಶಿರಿಯಕ್ಕೆ ಬಂದು, ಹಲವು ವರ್ಷ ಬೀಡಿ ಕಟ್ಟಿ, ಬೀಡಿ ಕೆಲಸ ಕಡಿಮೆಯಾದ ಮೇಲೆ ಶಾಲೆಯ ಅಡುಗೆಗೆ ಸೇರಿದ ಪಂಕಜಾಕ್ಷಿಗೆ, ಹರಿತವಿಲ್ಲದ ಕತ್ತಿಯೆಂದರೆ ಸುಳ್ಳು ಹೇಳುವ ಮನುಷ್ಯನನ್ನು ಕಂಡಷ್ಟೇ ಅಸಹ್ಯ.

ಎರಡು ವರ್ಷದ ಹಿಂದಿನ ಮಾತು. ಒಂದು ದಿನ ಶಾಲೆಯಲ್ಲಿ ಅಂಥದೇ ಕತ್ತಿ ಸಿಹಿಕುಂಬಳದ ಸಿಪ್ಪೆಯ ಮೇಲೆ ಜಾರಿ ಎಡಗೈ ಹೆಬ್ಬೆರಳನ್ನು ಸೀಳಿತು. ಮೊಂಡು ಕತ್ತಿಯೇ ಕೈ ಕೊಯ್ಯುವುದು, ಹರಿತದ್ದು ತರಕಾರಿ ಕೊಯ್ಯುತ್ತದೆ. ಅಡುಗೆ ಮಾಡುವ ಯಾರನ್ನು ಕೇಳಿದರೂ ಹೇಳುತ್ತಾರೆ. ಬೆರಳಿಗೆ ಬಟ್ಟೆ ಕಟ್ಟಿಕೊಂಡು ಮನೆಗೆ ಬಂದ ಅಮ್ಮನ ಮುಖ ನೋಡಿ, ಮಂಗಳೂರಿನಲ್ಲಿ ಕೆಲಸಕ್ಕಿದ್ದು ವಾರದ ಕೊನೆಗೆ ಊರಿಗೆ ಬಂದಿದ್ದ ಮಗಳು ನಿಖಿತಾ, ಸಮಾಧಾನವಾಗಲಿ ಎಂದು ಮೊಬೈಲಿನಲ್ಲಿ ಒಂದು ಮಲಯಾಳಂ ವಿಡಿಯೋ ಹಾಕಿಕೊಟ್ಟಳು. ಯಾರೋ ಒಬ್ಬ ಬ್ಯಾಂಕಿನ ನೌಕರ ರಜೆಯ ದಿನ ತನ್ನ ಹಿತ್ತಿಲಲ್ಲಿ ಹಳೆಯ ಕಬ್ಬಿಣ ಕಾಯಿಸಿ, ಬಡಿದು, ಕತ್ತಿ ಮಾಡುವ ವಿಡಿಯೋ. ಪಂಕಜಾಕ್ಷಿ ಅದನ್ನು ಎವೆಯಿಕ್ಕದೆ ನೋಡಿದಳು. ಮುಗಿದ ಮೇಲೆ ಇನ್ನೊಮ್ಮೆ ಹಾಕಿಸಿಕೊಂಡಳು. ಆಮೇಲೆ, ಇಷ್ಟೇನಾ ಎಂದು ಕೇಳಿ ಒಳಗೆ ಹೋದಳು. ನಿಖಿತಾ ಅದನ್ನು ಮರೆತಳು, ಪಂಕಜಾಕ್ಷಿ ಮರೆಯಲಿಲ್ಲ.

ಮನೆಯ ಹಿಂದೆ ಒಂದು ಹಳೆಯ ಕೊಟ್ಟಿಗೆಯಿತ್ತು. ದನಗಳು ಹೋಗಿ ಬಹಳ ಕಾಲವಾಗಿತ್ತು, ಅಲ್ಲಿ ಈಗ ಒಡೆದ ಬಕೆಟು, ಹರಿದ ಟರ್ಪಾಲು ಮುಂತಾದ ಯಾರಿಗೂ ಬೇಡದ ಸಾಮಾನುಗಳ ಸಂಸಾರ. ಅದನ್ನೆಲ್ಲ ಒಂದು ಮೂಲೆಗೆ ತಳ್ಳಿ, ಕೆಂಪುಕಲ್ಲಿನ ತುಂಡುಗಳನ್ನು ಕುದುರೆಲಾಳದ ಆಕಾರದಲ್ಲಿ ಜೋಡಿಸಿ, ಗದ್ದೆಯ ಜೇಡಿಮಣ್ಣು ಮೆತ್ತಿ ಆಕೆ ಒಲೆಯೊಂದನ್ನು ಮಾಡಿದಳು. ತಳಕ್ಕೆ ಕಬ್ಬಿಣದ ಪೈಪು, ಪೈಪಿನ ಬಾಯಿಗೆ ನಿಖಿತಾಳ ಕೂದಲು ಒಣಗಿಸುವ ಯಂತ್ರ. ಉರಿಗೆ ಗೆರಟೆಯ ಇದ್ದಿಲು. ತೆಂಗಿನಕಾಯಿ ಒಡೆಯುವ ಊರಿನಲ್ಲಿ ಗೆರಟೆಗೆ ಬರವೇ? ಲೋಕನಾಥ ತನ್ನ ರಿಕ್ಷಾ ರಿಪೇರಿ ಮಾಡಿಸುವ ವರ್ಕ್‌ಶಾಪಿನಿಂದ ಲಾರಿಯ ಆಕ್ಸೆಲಿನ ಒಂದು ಮುರಿದ ತುಂಡನ್ನೂ, ಜೀಪಿನ ಚಕ್ರದ ಮೇಲಿರುವ ಸ್ಪ್ರಿಂಗಿನ ಬಾಗಿದ ಉಕ್ಕಿನ ಪ್ಲೇಟನ್ನು ಉದ್ದಕ್ಕೆ ಸೀಳಿಸಿದ ಪಟ್ಟಿಗಳನ್ನೂ ತಂದುಕೊಟ್ಟ. ಆಕ್ಸೆಲು ಕಬ್ಬಿಣ ಇಟ್ಟು ಬಡಿಯುವ ಅಡಿಗಲ್ಲಾಯಿತು, ಪ್ಲೇಟು ಕತ್ತಿಯಾಗಬೇಕು. ಹೆಂಡತಿ ಹಿಂದೊಮ್ಮೆ ಅಣಬೆ ಬೆಳೆಸಲು ಹೊರಟು ಹದಿನೈದು ದಿನದಲ್ಲಿ ಬಿಟ್ಟದ್ದು ಅವನಿಗೆ ನೆನಪಿತ್ತು. ಇದೂ ಹಾಗೆಯೇ ಎಂದು ಅವನ ಲೆಕ್ಕ.

ಮೊದಲ ದಿನವೇ ಒಲೆಯ ಒಂದು ಕೆಂಪುಕಲ್ಲು ಒಳಗಿನ ಪಸೆ ಕಾದು ಪಟಾಕಿಯ ಹಾಗೆ ಸಿಡಿಯಿತು. ಕೂದಲಿನ ಯಂತ್ರದ ಮೂತಿ ಕರಗಿತು. ಪಂಕಜಾಕ್ಷಿ ಜಗ್ಗಲಿಲ್ಲ. ಕಲ್ಲನ್ನು ಬಿಸಿಲಿಗಿಟ್ಟು ಒಣಗಿಸಿದಳು, ಪೈಪನ್ನು ಉದ್ದ ಮಾಡಿ ಯಂತ್ರವನ್ನು ದೂರವಿಟ್ಟಳು, ನೈಟಿಯ ಮೇಲೆ ಗಂಡನ ಖಾಕಿ ಅಂಗಿ ತೊಟ್ಟು, ವರ್ಕ್‌ಶಾಪಿನ ಕನ್ನಡಕ ಹಾಕಿಕೊಂಡು ಪುನಃ ಕೂತಳು. ಭಾನುವಾರದ ಮಧ್ಯಾಹ್ನ ಊರೆಲ್ಲ ಉಂಡು ಅಡ್ಡಾಗುವ ಹೊತ್ತಿಗೆ ಆ ಕೊಟ್ಟಿಗೆಯಿಂದ ಠಣ್ ಠಣ್ ಶುರು. ಲೋಕನಾಥನ ರಿಕ್ಷಾಕ್ಕೆ ಏನೋ ದೊಡ್ಡ ಗಂಡಾಂತರ ಬಂದಿದೆ ಎಂದು ಬೇಲಿಯಾಚೆಯ ಯೋಗೀಶ ವಿಚಾರಿಸಲು ಬಂದ. ಬಂದವನು ನೋಡಿದ್ದನ್ನು ನಾಲ್ಕು ಮನೆಗೆ ಹೇಳಿದ.

ಮೊದಲ ಕತ್ತಿ ನೋಡಲು ಚೆಂದವೇ ಇತ್ತು. ಬೂದುಕುಂಬಳಕ್ಕೆ ಇಟ್ಟು ಒತ್ತಿದ್ದೇ ತಡ, ಬಾಳೆಲೆಯ ಹಾಗೆ ಬಾಗಿ ನಿಂತಿತು. ಬಡಿದರೆ ಮಾತ್ರ ಸಾಲದು, ಹದ ಕೊಡಬೇಕು ಎಂಬುದು ಆಗ ಗೊತ್ತಾಯಿತು. ಕೆಂಪಗೆ ಕಾಯಿಸಬೇಕು, ಎಷ್ಟು ಕಾಯಿಸಬೇಕೆಂದರೆ ಅಯಸ್ಕಾಂತ ಅಂಟದಷ್ಟು. ಅಷ್ಟು ಕಾದ ಗಳಿಗೆಯಲ್ಲಿ ನೀರಿಗೆ ಅದ್ದಬೇಕು. ಆಗ ಉಕ್ಕು ಗಟ್ಟಿಯಾಗುತ್ತದೆ, ಆದರೆ ಗಾಜಿನ ಹಾಗೆ ಪೆಡಸೂ ಆಗುತ್ತದೆ. ಆ ಪೆಡಸುತನ ಹೋಗಲು ಬಿಸಿ ಹೊಯಿಗೆಯಲ್ಲಿ, ಅಂದರೆ ಮರಳಿನಲ್ಲಿ, ಹುದುಗಿಸಿ, ಮೈ ಒಣಹುಲ್ಲಿನ ಬಣ್ಣಕ್ಕೆ ತಿರುಗುವವರೆಗೆ ಕಾಯಬೇಕು. ಫ್ರಿಜ್ಜಿನ ಬಾಗಿಲಲ್ಲಿ ನಿಖಿತಾ ಅಂಟಿಸಿದ್ದ ಚಿಟ್ಟೆಯ ಬೊಂಬೆಯಲ್ಲಿ ಅಯಸ್ಕಾಂತವಿತ್ತು, ಹೊಯಿಗೆ ಹೊಳೆಬದಿಯಲ್ಲಿತ್ತು, ನೀರು ಬಾವಿಯಲ್ಲಿತ್ತು. ಆಟಿ ತಿಂಗಳ ಜಡಿಮಳೆಯಲ್ಲಿ, ಕೊಟ್ಟಿಗೆಯ ಹಂಚಿನಿಂದ ನೀರು ಸೋರುತ್ತಿರುವಾಗ, ಗೇಣುದ್ದದ ಒಂದು ಪುಟ್ಟ ಕತ್ತಿ ಹುಟ್ಟಿತು. ತುಳುವಿನಲ್ಲಿ ಬಿಸತ್ತಿ ಎನ್ನುತ್ತೇವಲ್ಲ, ಅಂಥದು. ಆಕೆ ಅದನ್ನು ಅಪ್ಪನ ಕ್ರಮದಲ್ಲೇ ಹಲಗೆಯ ಮೇಲೆ ಮಸೆದು ಶಾಲೆಗೆ ಒಯ್ದಳು. ಜೊತೆಯ ಅಡುಗೆಯವಳು ಶಂಕರಿ ಅಲಸಂಡೆಯ ಕಟ್ಟಿನ ಮೇಲೆ ಅದನ್ನು ಒಮ್ಮೆ ಎಳೆದು ನೋಡಿ, ನಾಳೆಯೂ ಇದನ್ನು ತರಬೇಕೆಂದು ಅಪ್ಪಣೆ ಮಾಡಿದಳು. ಅವತ್ತು ಮನೆಗೆ ನಡೆದು ಬರುವಾಗ ಪಂಕಜಾಕ್ಷಿಗೆ ಕೊಡೆ ಬಿಡಿಸುವುದೇ ಮರೆತುಹೋಗಿತ್ತು. ಹಾಗೆ ಎರಡು ಮಳೆಗಾಲ ಕಳೆಯಿತು. ನಡುವಿನ ಬೇಸಿಗೆಯ ಸೆಕೆಯಲ್ಲಿ ಒಲೆ ಹಚ್ಚಲಿಲ್ಲ, ಮಳೆಯ ತಂಪಿನಲ್ಲಿ ಸಣ್ಣ ಕತ್ತಿಗಳು ಒಂದೊಂದೇ ಹುಟ್ಟಿ ಶಂಕರಿಗೂ, ತಂಗಿಗೂ, ನಿಖಿತಾಳ ಮಂಗಳೂರಿನ ಕೋಣೆಗೂ ಹೋದವು.

ಇಷ್ಟರವರೆಗೆ ಎಲ್ಲ ಸರಿ. ಆದರೆ ಕೊಟ್ಟಿಗೆ ಲೋಕನಾಥನದಲ್ಲ. ಅದು ಪಾಲಿನಲ್ಲಿ ಅವನ ಸೋದರಮಾವ ಕುಂಞಣ್ಣನಿಗೆ ಹೋದದ್ದು. ತುಳುವರ ಮನೆಗಳಲ್ಲಿ ಸೋದರಮಾವನ ಮಾತೆಂದರೆ ಏನೆಂದು ಬಿಡಿಸಿ ಹೇಳಬೇಕಾಗಿಲ್ಲ. ಪಕ್ಕದ ಮನೆಯಲ್ಲೇ ಇರುವ ಕುಂಞಣ್ಣನಿಗೆ ಎಪ್ಪತ್ತು ದಾಟಿದೆ, ಬೆನ್ನು ಇನ್ನೂ ಬಾಗಿಲ್ಲ, ಸ್ವರವಂತೂ ಬಾಗುವ ಲಕ್ಷಣವೇ ಇಲ್ಲ. ಸುತ್ತಮುತ್ತ ಯಾವ ಮನೆಯಲ್ಲಿ ದೊಡ್ಡ ಊಟವಿದ್ದರೂ ತರಕಾರಿ ಹೆಚ್ಚುವ ಜನಕ್ಕೆ ಅವರೇ ಯಜಮಾನರು. ಯಾವ ಪದಾರ್ಥಕ್ಕೆ ಹೋಳು ಎಷ್ಟು ದೊಡ್ಡದಿರಬೇಕು, ಯಾರು ತೊಂಡೆಕಾಯಿಗೆ, ಯಾರು ಸುವರ್ಣಗಡ್ಡೆಗೆ, ಎಲ್ಲ ಅವರ ಬಾಯಿಂದಲೇ ಬರಬೇಕು. ಅವರ ಸ್ವಂತದ ಕತ್ತಿ ಎಂದೋ ತೀರಿಹೋದ ಆಚಾರಿಯೊಬ್ಬರು ಮಾಡಿಕೊಟ್ಟದ್ದು. ಮಸೆದು ಮಸೆದು ಅಗಲವೆಲ್ಲ ಸವೆದು, ಬೆರಳಿನಷ್ಟೇ ಉಳಿದಿದ್ದರೂ ಇನ್ನೊಂದನ್ನು ಅವರು ಮುಟ್ಟುತ್ತಿರಲಿಲ್ಲ. ಈಗಿನದು ಕತ್ತಿಯಲ್ಲ, ತಗಡು ಎಂಬುದು ಅವರ ಖಡಾಖಂಡಿತ ಅಭಿಪ್ರಾಯ.

ಕಳೆದ ಬೇಸಿಗೆಯಲ್ಲಿ ಅವರ ಮೊಮ್ಮಗಳು ಪೂಜಾಶ್ರೀಗೆ ಮದುವೆ ಗೊತ್ತಾಯಿತು. ಮದುವೆ ಹಾಲಿನಲ್ಲಿ, ಅಲ್ಲಿ ಕೇಟರಿಂಗಿನವರು. ಆದರೆ ಮುನ್ನಾದಿನದ ಮೆಹೆಂದಿ ಊಟ ಮನೆಯಲ್ಲೇ ಆಗಬೇಕು, ತರಕಾರಿ ನೆರೆಕರೆಯವರೇ ಹೆಚ್ಚಬೇಕು ಎಂದು ಕುಂಞಣ್ಣ ಹಟ ಹಿಡಿದರು. ಆ ನೆಪದಲ್ಲೇ ಒಂದು ಸಂಜೆ ಕೊಟ್ಟಿಗೆಗೆ ಬಂದರು. ಮದುವೆ ಕಳೆದು ಮಳೆ ಹಿಡಿಯುವ ಮೊದಲು ಸೌದೆ, ತೆಂಗಿನ ಸಿಪ್ಪೆ ಒಳಗೆ ಹಾಕಲು ಜಾಗ ಬೇಕಿತ್ತು. ಒಲೆಯನ್ನು ನೋಡಿದರು, ಅಡಿಗಲ್ಲನ್ನು ಕಾಲಿನಿಂದ ಮೆಲ್ಲಗೆ ತಟ್ಟಿದರು, ಗೋಡೆಗೆ ಸಿಕ್ಕಿಸಿದ್ದ ಪುಟ್ಟ ಕತ್ತಿಯನ್ನು ತೆಗೆದು ಉಗುರಿನ ಮೇಲಿಟ್ಟು ನೋಡಿ ಪುನಃ ಸಿಕ್ಕಿಸಿದರು.

"ಪಂಕಜ, ಇದು ಮಕ್ಕಳ ಆಟದ ಸಾಮಾನು. ಅಲಸಂಡೆ ಕೊಯ್ಯಲಿಕ್ಕೆ ಆದೀತು. ಮೆಹೆಂದಿ ಕಳೆದ ಮೇಲೆ ಕೊಟ್ಟಿಗೆ ನನಗೆ ಬೇಕು."

ಪಂಕಜಾಕ್ಷಿ ಮಾವನ ಎದುರು ಅಷ್ಟು ಮಾತಾಡಿದವಳೇ ಅಲ್ಲ. ಅವತ್ತು ಅದೆಲ್ಲಿಂದ ಬಂತೋ, ನೇರ ಮುಖ ನೋಡಿಯೇ ಹೇಳಿದಳು. "ಮೆಹೆಂದಿಯ ತರಕಾರಿಗೆ ನಾನು ದೊಡ್ಡ ಕತ್ತಿಯೇ ಮಾಡಿ ತರುತ್ತೇನೆ ಮಾವ. ಸುವರ್ಣಗಡ್ಡೆಗೆ ಅದು ನಿಲ್ಲದಿದ್ದರೆ ಈ ಒಲೆಯನ್ನು ನಾನೇ ಒಡೆದು ಕೊಡುತ್ತೇನೆ."

ನಿಂತರೆ ಏನೆಂದು ಲೋಕನಾಥ ಬಾಗಿಲ ಹೊರಗಿನಿಂದಲೇ ಕೇಳಿದ. ನಿಂತರೆ ಆಗ ನೋಡುವ ಎಂದು ಕುಂಞಣ್ಣ ನಕ್ಕು ಹೊರಟರು. ಅವರ ನಗು ಪಂಕಜಾಕ್ಷಿಯ ಮೈಯೆಲ್ಲ ಉರಿಸಿತು.

ಸುವರ್ಣಗಡ್ಡೆಯೆಂದರೆ ಸಾಮಾನ್ಯದ್ದಲ್ಲ. ಆನೆಯ ಪಾದದ ಗಾತ್ರ, ಮೈತುಂಬ ಗಂಟು, ಗಂಟಿನ ಸಂದಿಯಲ್ಲಿ ತೊಳೆದರೂ ಹೋಗದ ಮಣ್ಣು ಮತ್ತು ಹರಳು. ಅರ್ಧ ಗಡ್ಡೆ ಹೆಚ್ಚುವಷ್ಟರಲ್ಲಿ ಕತ್ತಿಯ ಬಾಯಿ ಮೊಂಡಾಗುತ್ತದೆ. ಅದಕ್ಕೆ ನಿಲ್ಲುವ ಕತ್ತಿಗೆ ಉದ್ದ ಬೇಕು, ಬೆನ್ನಿನಲ್ಲಿ ಬಲ ಬೇಕು, ಬಾಯಿ ತೆಳ್ಳಗಿರಬೇಕು. ಏಪ್ರಿಲಿನಲ್ಲಿ ಶಾಲೆಗೆ ರಜೆ. ಪಂಕಜಾಕ್ಷಿ ಬೆಳಗಿನ ತಂಪಿನಲ್ಲೇ ಒಲೆ ಹಚ್ಚಿ, ಮೊಳದುದ್ದದ ಒಂದು ಅಲಗನ್ನು ಬಡಿದು ತಯಾರು ಮಾಡಿದಳು. ಅಷ್ಟು ಚೆಂದದ್ದನ್ನು ಆಕೆ ಅದುವರೆಗೆ ಮಾಡಿರಲಿಲ್ಲ. ಕೆಂಪಗೆ ಕಾಯಿಸಿ, ಚಿಟ್ಟೆಯ ಅಯಸ್ಕಾಂತ ಅಂಟುವುದಿಲ್ಲವೆಂದು ನೋಡಿ, ಬಾವಿಯಿಂದ ಆಗತಾನೇ ಸೇದಿದ ನೀರಿನ ಬಕೆಟಿಗೆ ಅದ್ದಿದಳು. ಬುಸ್ಸೆಂದಿತು. ಅದರ ಜೊತೆಗೇ, ಗಾಜಿನ ಬಳೆ ಒಡೆದ ಹಾಗೆ, ಟಿಣ್ ಎಂದಿತು. ಮೇಲೆತ್ತಿದರೆ ಅಲಗಿನ ನಡುವೆ ಕೂದಲೆಳೆಯಷ್ಟು ಬಿರುಕು.

ಎರಡನೆಯದೂ ಟಿಣ್ ಎಂದಿತು. ಲೋಕನಾಥ ಬೇರೆ ವರ್ಕ್‌ಶಾಪಿನಿಂದ ಬೇರೆ ಪ್ಲೇಟು ತಂದ. ಅದು ಎರಡು ತುಂಡಾಗಿ ಬಕೆಟಿನ ತಳಕ್ಕೆ ಹೋಯಿತು. ಮಳೆಗಾಲದಲ್ಲಿ ಸರಿಯಾಗಿ ಬಂದದ್ದು ಈಗ ಯಾಕೆ ಕೈಕೊಡುತ್ತಿದೆ ಎಂದು ಆಕೆಗೆ ತಲೆಬುಡ ತಿಳಿಯಲಿಲ್ಲ. ಇದ್ದಿಲು ಬದಲಿಸಿದಳು, ಅಲಗು ದಪ್ಪ ಮಾಡಿದಳು, ಕಾಯಿಸುವುದು ಕಡಿಮೆ ಮಾಡಿದಳು. ಒಡೆಯುವುದು ಒಡೆಯುತ್ತಲೇ ಇತ್ತು. ಮದುವೆ ಹತ್ತಿರ ಬಂದಿತ್ತು. ಒಂದು ಮಧ್ಯಾಹ್ನ, ಇನ್ನೊಂದು ಅಲಗು ಒಡೆದ ಮೇಲೆ, ಆಕೆ ಖಾಕಿ ಅಂಗಿಯ ತೋಳಿನಲ್ಲಿ ಮುಖ ಮುಚ್ಚಿಕೊಂಡು ಅತ್ತಳು. ಹೊಟ್ಟೆಪಾಡಿನ ಕೆಲಸ ಹೋದರೂ ಅಷ್ಟು ಅಳುತ್ತಿರಲಿಲ್ಲವೇನೋ. ಇದು ಯಾರೂ ಹೇಳದೆ, ಯಾರಿಗೋಸ್ಕರವೂ ಅಲ್ಲದೆ, ತನಗೆ ಬೇಕೆಂದು ತಾನೇ ಹಿಡಿದ ಕೆಲಸ. ಜನ್ಮದಲ್ಲಿ ಅಂಥದ್ದು ಆಕೆಗೆ ಇದೊಂದೇ. ಬೇಕಾದರೆ ಮಾವನ ಹತ್ತಿರ ತಾನು ಮಾತಾಡುತ್ತೇನೆ ಎಂದು ಲೋಕನಾಥ ಮೆಲ್ಲಗೆ ಹೇಳಿದ. ಬೇಡವೆಂದಳು.

ಆ ವಾರ ಮಧೂರಿನಿಂದ ತಂಗಿ ಸುಪ್ರೀತಾ ಮದುವೆಗೆಂದು ಮುಂಚಿತವಾಗಿಯೇ ಬಂದಳು. ಮಧ್ಯಾಹ್ನ ಗಂಜಿ, ಚಟ್ನಿ, ಹುರಿದ ಬೂತಾಯಿ ಮೀನು. ಸುಪ್ರೀತಾ ಒಂದು ಗುಟುಕು ಗಂಜಿ ಕುಡಿದು ಬಟ್ಟಲು ಕೆಳಗಿಟ್ಟಳು.

"ಎಂತ ಅಕ್ಕ, ಗಂಜಿಗೆ ಇಷ್ಟು ಉಪ್ಪು ಹಾಕಿದ್ದು?"

ಪಂಕಜಾಕ್ಷಿ ಗಂಜಿಗೆ ಒಂದು ಹರಳು ಉಪ್ಪೂ ಹಾಕಿರಲಿಲ್ಲ. ಶಿರಿಯದ ಅಳಿವೆಯ ಬದಿಯಲ್ಲಿ ಬೇಸಿಗೆಯಲ್ಲಿ ಯಾರೂ ಹಾಕುವುದಿಲ್ಲ. ಹೊಳೆಯಲ್ಲಿ ಸಿಹಿನೀರು ಇಳಿದ ಹಾಗೆ ಸಮುದ್ರ ಮೇಲಕ್ಕೆ ಏರುತ್ತದೆ, ಏಪ್ರಿಲಿನ ಹೊತ್ತಿಗೆ ಬಾವಿಯ ನೀರೇ ಉಪ್ಪಾಗಿರುತ್ತದೆ. ಕುಡಿಯಲು ಪಂಚಾಯತಿನ ನಳ್ಳಿ ನೀರು, ಉಳಿದದ್ದಕ್ಕೆಲ್ಲ ಬಾವಿ. ಗಂಜಿಗೆ ಉಪ್ಪು ಹಾಕದೆ ಇಳಿಸುವುದು ಆಕೆಗೆ ಉಸಿರಾಡಿದಷ್ಟು ಅಭ್ಯಾಸ. ಮದುವೆಯಾಗಿ ಬಂದ ಮೊದಲ ಬೇಸಿಗೆಯಲ್ಲಿ ಮುಖ ಕಿವಿಚಿದ್ದು ಬಿಟ್ಟರೆ ಆಮೇಲೆ ಆಕೆಗೂ ಅದು ಉಪ್ಪೆಂದು ಅನ್ನಿಸಿಯೇ ಇರಲಿಲ್ಲ. ಸಿಹಿನೀರಿನ ಊರಿನ ನಾಲಿಗೆಯೊಂದು ಬಂದು ಹೇಳಬೇಕಾಯಿತು.

ಆಕೆ ಬಟ್ಟಲು ಬಿಟ್ಟೆದ್ದಳು. ಒಂದೇ ಪ್ಲೇಟಿನಿಂದ ಎರಡು ತುಂಡು ತೆಗೆದು, ಎರಡನ್ನೂ ಒಂದೇ ಉರಿಯಲ್ಲಿ ಕಾಯಿಸಿ, ಒಂದನ್ನು ಬಾವಿನೀರಿಗೆ, ಇನ್ನೊಂದನ್ನು ನಳ್ಳಿನೀರಿಗೆ ಅದ್ದಿದಳು. ಬಾವಿಯ ಬಕೆಟಿನಲ್ಲಿ ಟಿಣ್. ನಳ್ಳಿಯ ಬಕೆಟಿನಲ್ಲಿ ಬುಸ್ ಮಾತ್ರ. ಸುಪ್ರೀತಾ ಕೈಯಲ್ಲಿ ಬೂತಾಯಿ ಹಿಡಿದುಕೊಂಡೇ ಬಾಗಿಲಲ್ಲಿ ನಿಂತು, ಅಕ್ಕನಿಗೆ ಏನೋ ಆಗಿದೆ ಎಂದು ನೋಡುತ್ತಿದ್ದಳು. ಆಮೇಲೆ ವಾರದ ಕೊನೆಗೆ ಊರಿಗೆ ಬಂದ ನಿಖಿತಾ ಮೊಬೈಲಿನಲ್ಲಿ ಹುಡುಕಿ ಹೇಳಿದಳು, ಉಪ್ಪುನೀರು ಕಾದ ಉಕ್ಕನ್ನು ಸಿಹಿನೀರಿಗಿಂತ ಬೇಗ ತಣಿಸುತ್ತದೆ, ಆ ಆತುರಕ್ಕೆ ಉಕ್ಕು ಬಿರಿಯುತ್ತದೆ ಎಂದು. ಇಂಥ ಉಕ್ಕಿಗೆ ಸಿಹಿನೀರೂ ಒರಟೇ, ಎಣ್ಣೆಯೇ ಮೇಲು ಎಂದೂ ಹೇಳಿದಳು.

ಎಣ್ಣೆಯೆಂದರೆ ನಮ್ಮಲ್ಲಿ ತೆಂಗಿನೆಣ್ಣೆ. ಈಗಿನ ಬೆಲೆಯಲ್ಲಿ ಅದನ್ನು ತಲೆಗೆ ಹಚ್ಚುವುದಕ್ಕೂ ಜನ ಹಿಂದೆಮುಂದೆ ನೋಡುತ್ತಾರೆ. ಪುಣ್ಯಕ್ಕೆ ಕಳೆದ ಸಲದ ಕೊಬ್ಬರಿಯದು ಕಮಟು ಹಿಡಿದು ಡಬ್ಬದಲ್ಲಿ ಉಳಿದಿತ್ತು. ಅದನ್ನು ಉದ್ದನೆಯ ಒಂದು ಕಬ್ಬಿಣದ ಪಾತ್ರೆಗೆ ಸುರಿದು ಉಗುರುಬೆಚ್ಚಗೆ ಮಾಡಿದಳು. ಹೊಸ ಅಲಗು ಕೆಂಪಾಯಿತು. ಲೋಕನಾಥ ಪಾತ್ರೆಗೆ ಮುಚ್ಚಲು ತಗಡಿನ ಮುಚ್ಚಳ ಹಿಡಿದು ಯುದ್ಧಕ್ಕೆ ನಿಂತವನ ಹಾಗೆ ನಿಂತಿದ್ದ. ಅಲಗು ಎಣ್ಣೆಗೆ ಇಳಿದಾಗ ಮೇಲೆ ಒಂದು ಮೊಳ ಜ್ವಾಲೆ ಎದ್ದಿತು, ಹೊಗೆ ಎದ್ದಿತು, ಇಡೀ ಹಿತ್ತಿಲು ಹಪ್ಪಳ ಕರಿದ ಮನೆಯಾಯಿತು. ಪಂಕಜಾಕ್ಷಿ ಉಸಿರು ಬಿಗಿಹಿಡಿದು ಕಿವಿಗೊಟ್ಟಳು. ಟಿಣ್ ಕೇಳಿಸಲಿಲ್ಲ. ತೆಗೆದು ಒರಸಿ, ಬಾಯಿಯ ಮೇಲೆ ಅರ ಎಳೆದು ನೋಡಿದಳು. ಅರಕ್ಕೆ ಹಿಡಿತವೇ ಸಿಗದೆ ಜಾರಿಹೋಯಿತು. ಅಷ್ಟು ಗಟ್ಟಿ.

ಬಿಸಿ ಹೊಯಿಗೆಯಲ್ಲಿ ಹುಲ್ಲಿನ ಬಣ್ಣ ಬಂತು. ಹಲಸಿನ ಮರದ ತಿರುಳಿನ ಹಳದಿ ಹಿಡಿ ಕೂರಿಸಿದಳು. ಹಲಗೆಯ ಮೇಲೆ ಬೆಣಚುಕಲ್ಲಿನ ಪುಡಿ ಹಾಕಿ ಮಸೆದಳು. ಎಷ್ಟು ಹೊತ್ತು ಮಸೆದಳೆಂದು ಆಕೆಗೂ ಗೊತ್ತಿಲ್ಲ. ಮುಂಗೈಯ ಮೇಲೆ ಆಡಿಸಿದಾಗ ರೋಮ ತಾನಾಗಿ ಉದುರಿತು.

ಮೆಹೆಂದಿಯ ದಿನ ಮಧ್ಯಾಹ್ನ ಕುಂಞಣ್ಣನ ಅಂಗಳದ ಚಪ್ಪರದಡಿ ಟರ್ಪಾಲು ಹಾಸಿ, ಒಬ್ಬೊಬ್ಬರಿಗೆ ಒಂದೊಂದು ಹಲಗೆ ಇಟ್ಟಿದ್ದರು. ನೆರೆಕರೆಯವರು ಬರತೊಡಗಿದರು, ಎಲ್ಲರ ಕಂಕುಳಲ್ಲೂ ಪೇಪರಿನಲ್ಲಿ ಸುತ್ತಿದ ಅವರವರ ಕತ್ತಿ. ಹೆಚ್ಚಲು ಹೋಗುವವರು ಕತ್ತಿಯನ್ನು ಮನೆಯಿಂದಲೇ ಒಯ್ಯಬೇಕು, ಅದು ಕ್ರಮ. ಪಂಕಜಾಕ್ಷಿ ಹೆಂಗಸರ ಸಾಲಿನಲ್ಲಿ ತೊಂಡೆಕಾಯಿಯ ಎದುರು ಕೂರಲು ಹೋದಳು. ಕುಂಞಣ್ಣ ಈಚೆ ಬರುವಂತೆ ಕೈಸನ್ನೆ ಮಾಡಿದರು. ತಮ್ಮ ಪಕ್ಕದ ಹಲಗೆಯನ್ನು ತೋರಿಸಿದರು. ಅದರ ಎದುರು ಇದ್ದದ್ದರಲ್ಲೇ ದೊಡ್ಡ ಸುವರ್ಣಗಡ್ಡೆ ಕೂತಿತ್ತು.

ಅಂಗಳದವರೆಲ್ಲ ಇತ್ತ ತಿರುಗಿದರು. ಬೇಲಿಯಾಚೆಯ ಯೋಗೀಶನಂತೂ ಕೊಯ್ಯುತ್ತಿದ್ದ ಬದನೆಯನ್ನು ಕೈಯಲ್ಲೇ ಹಿಡಿದು ಕುತ್ತಿಗೆ ಉದ್ದ ಮಾಡಿದ. ಪಂಕಜಾಕ್ಷಿ ಹಲಗೆಯ ಎದುರು ಕೂತಳು. ಪೇಪರು ಬಿಡಿಸಿ, ಕೈ ತುರಿಸದಿರಲೆಂದು ಅಂಗೈಗೆ ತೆಂಗಿನೆಣ್ಣೆ ಸವರಿಕೊಂಡು, ಗಡ್ಡೆಯ ನಡುನೆತ್ತಿಗೆ ಕತ್ತಿಯಿಟ್ಟು ಒತ್ತಿದಳು. ಕತ್ತಿ ಎಲ್ಲೂ ಸಿಕ್ಕಿಕೊಳ್ಳಲಿಲ್ಲ, ತಡೆಯಲಿಲ್ಲ, ಹಲಗೆಗೆ ತಾಗಿದ ಸದ್ದು ಕೇಳಿದಾಗಲೇ ಗಡ್ಡೆ ಎರಡಾಗಿದೆಯೆಂದು ಗೊತ್ತಾದದ್ದು. ಕೆಂಪುಹಳದಿಯ ಎರಡು ಹೋಳುಗಳು ಅಂಗಾತ ಬಿದ್ದವು. ಯಾರೋ ಹೆಂಗಸರ ಕಡೆಯಿಂದ ಅಬ್ಬಾ ಎಂದರು. ಕುಂಞಣ್ಣ ಏನೂ ನೋಡದವರ ಹಾಗೆ, ಹೋಳು ಸ್ವಲ್ಪ ಸಣ್ಣಗೆ ಬರಲಿ ಎಂದಷ್ಟೇ ಹೇಳಿದರು.

ಒಂದು ಏಟಿನಲ್ಲಿ ಯಾವ ಕತ್ತಿಯೂ ಗೆಲ್ಲಬಹುದು. ಕತ್ತಿಯ ಬಣ್ಣ ಬಯಲಾಗುವುದು ಗಂಟೆ ಕಳೆದ ಮೇಲೆ. ಬೂದುಕುಂಬಳ ಬಂತು, ಬಾಳೆಕಾಯಿ ಬಂತು, ಎಳೆ ಹಲಸಿನ ಗುಜ್ಜೆ ಬಂತು. ಗುಜ್ಜೆಯ ಮೇಣ ಕತ್ತಿಗಳನ್ನು ಹಿಡಿದುಕೊಳ್ಳತೊಡಗಿದಾಗ ಒಬ್ಬೊಬ್ಬರಾಗಿ ಎದ್ದು, ಬಾವಿಕಟ್ಟೆಯ ಬಳಿಯ ಮಸೆಕಲ್ಲಿಗೆ ಹೋಗಿ ಬರತೊಡಗಿದರು. ಯೋಗೀಶ ಎರಡು ಸಲ ಹೋದ. ಪಂಕಜಾಕ್ಷಿ ಏಳಲಿಲ್ಲ. ಮೇಣ ಒರಸಿಕೊಂಡು ಇನ್ನೊಂದು ಗಡ್ಡೆ ಎಳೆದುಕೊಂಡಳು, ಅದಾದ ಮೇಲೆ ಮತ್ತೊಂದು. ಕೈಗೆ ನೋವೇ ಗೊತ್ತಾಗುತ್ತಿರಲಿಲ್ಲ. ಪಕ್ಕದಲ್ಲಿ ಕುಂಞಣ್ಣನ ಹಳೆಯ ಕತ್ತಿ, ಪಾಪ, ಬೂದುಕುಂಬಳದ ಸಿಪ್ಪೆಯ ಮೇಲೆ ಜಾರಿತು. ಅವರು ಅತ್ತಿತ್ತ ನೋಡಿ ಪುನಃ ಒತ್ತಿದರು. ಪುನಃ ಜಾರಿತು.

ಅಷ್ಟರಲ್ಲಿ ಹೆಚ್ಚುವವರಿಗೆ ಚಾ ಆಗಬೇಕೆಂದು ಒಳಗಿನಿಂದ ಪಂಕಜಾಕ್ಷಿಗೆ ಕರೆ ಬಂತು. ಆಕೆ ಕತ್ತಿಯನ್ನು ಹಲಗೆಯ ಮೇಲಿಟ್ಟು ಎದ್ದಳು. ಚಾ ಮಾಡಿ, ಅವಲಕ್ಕಿ ಕಲಸಿ, ಮಕ್ಕಳ ಮೆಹೆಂದಿ ಕೈಗಳ ನಡುವೆ ದಾರಿ ಮಾಡಿಕೊಂಡು ಹೊರಗೆ ಬರುವಾಗ ಹೆಚ್ಚುವ ಕೆಲಸ ಮುಗಿದಿತ್ತು. ಕತ್ತಿಗಳೆಲ್ಲ ತೊಳೆದು ಒಂದು ಬಿದಿರಿನ ಗೆರಸೆಯಲ್ಲಿದ್ದವು. ಒಬ್ಬನ ಹಿಡಿಗೆ ಕೆಂಪು ನೂಲು, ಇನ್ನೊಬ್ಬನದಕ್ಕೆ ಗೀರು, ಮತ್ತೊಬ್ಬನದಕ್ಕೆ ಹೆಸರಿನ ಮೊದಲ ಅಕ್ಷರ. ಗುರುತು ಹಾಕುವುದಕ್ಕೆ ಕಾರಣ ಎಲ್ಲರಿಗೂ ಗೊತ್ತು. ಇಂಥ ಕಡೆ ಒಳ್ಳೆಯ ಕತ್ತಿ ಕಣ್ಮರೆಯಾಗುತ್ತದೆ. ಚಿನ್ನದ ಸರ ಜಗಲಿಯಲ್ಲಿ ಬಿಟ್ಟುಹೋದರೆ ಹುಡುಕಿ ತಂದುಕೊಡುವ ಸಜ್ಜನರೇ, ಒಳ್ಳೆಯ ಕತ್ತಿ ಕಂಡರೆ ಮೆಲ್ಲಗೆ ಪೇಪರಿನಲ್ಲಿ ಸುತ್ತಿಬಿಡುತ್ತಾರೆ. ಅದನ್ನು ಕಳವೆಂದು ಯಾರೂ ಹೇಳುವುದೂ ಇಲ್ಲ. ಪಂಕಜಾಕ್ಷಿ ಗುರುತು ಹಾಕಿರಲಿಲ್ಲ. ತನ್ನ ಕತ್ತಿಯನ್ನು ಯಾರು ಕದಿಯುತ್ತಾರೆ ಎಂದುಕೊಂಡಿದ್ದಳು.

ಗೆರಸೆಯಲ್ಲಿ ಹಳದಿ ಹಿಡಿಯ ಕತ್ತಿ ಇರಲಿಲ್ಲ.

ಲೋಕನಾಥನಿಗೆ ಸಿಟ್ಟು ನೆತ್ತಿಗೇರಿತು. ಸಿಪ್ಪೆಯ ರಾಶಿ ಕೆದಕಿದ, ಬಾಳೆಲೆಯ ಕಟ್ಟು ಬಿಚ್ಚಿದ, ಟರ್ಪಾಲು ಕೊಡವಿದ. ಅಷ್ಟು ಕಷ್ಟಪಟ್ಟು ಮಾಡಿದ್ದನ್ನು ಯಾವನು ಹೊಡೆದುಕೊಂಡದ್ದು ಎಂದು ದೊಡ್ಡ ಸ್ವರದಲ್ಲೇ ಕೇಳಿದ. ಪಂಕಜಾಕ್ಷಿ ಗೆರಸೆಯ ಕತ್ತಿಗಳನ್ನು ಇನ್ನೊಮ್ಮೆ ತಿರುವಿ ನೋಡಿದಳು. ಆಗ ಯೋಗೀಶ ತನ್ನ ಕತ್ತಿಯನ್ನು ಗೆರಸೆಯಿಂದ ಎತ್ತಿಕೊಳ್ಳುತ್ತ, ಇಷ್ಟು ವರ್ಷದಿಂದ ಊರೂರು ಹೊತ್ತರೂ ತನ್ನದನ್ನು ಒಬ್ಬನೂ ಮುಟ್ಟಲಿಲ್ಲ ಎಂದು ಬೇಜಾರಿನಲ್ಲಿ ಹೇಳಿದ. ಆ ಮಾತು ಕೇಳಿದ್ದೇ ಪಂಕಜಾಕ್ಷಿ ಅಲ್ಲೇ ಜಗಲಿಯ ಮೆಟ್ಟಿಲಲ್ಲಿ ಕೂತು ನಗತೊಡಗಿದಳು. ಕದ್ದಿದ್ದಾರೆ, ತನ್ನ ಕತ್ತಿಯನ್ನು ಕದ್ದಿದ್ದಾರೆ! ಗೆರಸೆ ತುಂಬ ಕತ್ತಿಗಳಿದ್ದರೂ, ಆಚಾರಿಯರು ಮಾಡಿದ್ದಿದ್ದರೂ, ಯಾರಿಗೋ ಬೇಕಾದದ್ದು ತಾನು ಮಾಡಿದ್ದು. ಸಂತೋಷಕ್ಕೆ ಕಣ್ಣಲ್ಲಿ ನೀರು ಬಂತು. ಲೋಕನಾಥ ಹೆಂಡತಿಗೆ ತಲೆ ಕೆಟ್ಟಿತೆಂದು ಗಾಬರಿಯಾದ.

ಆ ನಗುವಿಗೆ ಕುಂಞಣ್ಣ ಹಿತ್ತಿಲಿನಿಂದ ಈಚೆ ಬಂದರು. ಹೆಗಲ ಬೈರಾಸವನ್ನು ಆ ಸ್ಥಾನಮಾನದ ಮನುಷ್ಯರು ಯಾವತ್ತೂ ಕಟ್ಟದ ಹಾಗೆ ಸೊಂಟಕ್ಕೆ ಬಿಗಿದು ಸುತ್ತಿಕೊಂಡಿದ್ದರು. ಅದರ ಮೇಲಿನಿಂದ ಬೆರಳಷ್ಟು ಹಳದಿ ಹಿಡಿ ಇಣುಕುತ್ತಿತ್ತು. ಮೊದಲು ನೋಡಿದವನು ಲೋಕನಾಥ. ಕೈಯಲ್ಲಿದ್ದ ಟರ್ಪಾಲನ್ನು ಅವನು ಮೆಲ್ಲಗೆ ಕೆಳಗಿಟ್ಟ. ಆಮೇಲೆ ಅಂಗಳವೆಲ್ಲ ನೋಡಿತು. ಕುಂಞಣ್ಣನೂ ನೋಡುವವರೆಲ್ಲರನ್ನೂ ಒಮ್ಮೆ ನೋಡಿ, ಗಂಟಲು ಸರಿ ಮಾಡಿಕೊಂಡರು.

"ಇದು ನನ್ನ ಕೈಗೆ ಕೂತಾಯಿತು. ಇನ್ನು ಕೊಡ್ಲಿಕ್ಕಿಲ್ಲ. ನಿನಗೆ ಬೇಕಾದರೆ ಬೇರೆ ಮಾಡಿಕೊ ಮಾರಾಯ್ತಿ, ಒಲೆ ಉಂಟಲ್ಲ ಅಲ್ಲಿ."

ಒಲೆ ಉಂಟಲ್ಲ. ಅಷ್ಟು ಜನರೆದುರು ಅವರ ಬಾಯಿಂದಲೇ ಬಂದ ಮಾತು. ಪಂಕಜಾಕ್ಷಿ ಸೆರಗಿನಿಂದ ಕಣ್ಣು ಒರಸಿಕೊಂಡು ಎದ್ದು ನಿಂತಳು.

"ಮಾಡಿಕೊಳ್ಳುತ್ತೇನೆ ಮಾವ. ಆದರೆ ಇದ್ದಿಲು ಇಡಲಿಕ್ಕೆ ಜಾಗ ಸಾಲುವುದಿಲ್ಲ. ಕೊಟ್ಟಿಗೆಯ ಆಚೆ ಬದಿಯೂ ನನಗೆ ಬೇಕು."

ಕುಂಞಣ್ಣ ಸೊಂಟದ ಮೇಲೆ ಕೈಯಿಟ್ಟು, ಕತ್ತಿ ಅಲ್ಲೇ ಇದೆಯೆಂದು ನೋಡಿಕೊಂಡು, ಆಗಲಿ ಎಂದರು.